ಕಂಬಳಿ ಮೇಲೆ ಕೂತ ಕಂಪ್ಯೂಟರ್

ಆಗೆಲ್ಲ ಧರ್ಮಪುರಕ್ಕೆ ಹೊಸದೇನು ಬರಬೇಕಾದರೂ ಬಸ್ಸಿನಲ್ಲೇ ಬರಬೇಕಿತ್ತು. ಮದುವೆ ಸೀರೆ, ಔಷಧಿ, ಐಸ್‌ಕ್ಯಾಂಡಿ ಡಬ್ಬ, ಎಲ್ಲವೂ. ನಮ್ಮಪ್ಪ ಚಿತ್ರದುರ್ಗಕ್ಕೆ ಓಡುವ ಖಾಸಗಿ ಬಸ್ಸಿನ ಡ್ರೈವರ್. ನಮ್ಮ ಮನೆಯ ಕಂಪ್ಯೂಟರ್ ಕೂಡ ಹಾಗೆಯೇ ಬಂತು. ಎಂಜಿನ್ ಪಕ್ಕದಲ್ಲಿ ಮೂರು ರಟ್ಟಿನ ಡಬ್ಬಗಳಾಗಿ, ಮೇಲೆ ಯಾರದೋ ಹೂವಿನ ಬುಟ್ಟಿ ಹೊತ್ತುಕೊಂಡು.

ಎಂಟನೇ ಕ್ಲಾಸು ಮುಗಿದ ಬೇಸಿಗೆ ರಜೆ ಅದು. ಬಿಸಿಲಿಗೆ ಗಾಳಿಯೇ ಹುರಿದ ವಾಸನೆ ಬರುತ್ತಿತ್ತು. ಪಡಸಾಲೆಯಲ್ಲಿ ಬಿತ್ತನೆ ಶೇಂಗಾ ಸುಲಿಯುವ ಪಟಪಟ ಸದ್ದು, ಮೂಲೆಯಲ್ಲಿ ನಮ್ಮ ಅಚ್ಚಿನಕಲ್ಲಿನ ಆಟ. ಶಾಲೆಯಲ್ಲೂ ಒಂದು ಕಂಪ್ಯೂಟರ್ ಇತ್ತು. ಅದಕ್ಕೊಂದು ಕೋಣೆ, ಕೋಣೆಗೊಂದು ಬೀಗ. ಯಾವಾಗಲೋ ಬೀಗ ತೆಗೆದರೆ ಹುಡುಗರು ಕುರ್ಚಿ ಹಿಡಿಯುತ್ತಿದ್ದರು. ನಾವು ಹುಡುಗಿಯರು ಬಾಗಿಲಲ್ಲಿ ನಿಂತು ಅವರ ಬೆನ್ನು ನೋಡಿಕೊಂಡು ಬರುತ್ತಿದ್ದೆವು.

"ಅಪ್ಪಾ, ಬೆನ್ನು ನೋಡಿ ನೋಡಿ ಸಾಕಾಗೈತೆ" ಅಂದಿದ್ದೆ. ಅಪ್ಪ ನಕ್ಕಿರಲಿಲ್ಲ. ಅದಕ್ಕೇ ಈ ಡಬ್ಬಗಳು.

ಕುರಿ ಮಂದೆ ನೋಡಿಕೊಳ್ಳುತ್ತಿದ್ದ ದೊಡ್ಡಪ್ಪನಿಗೆ ಮಾತ್ರ ಇದು ಸೇರಲಿಲ್ಲ. "ಕುರಿ ಕಾಯೋರ ಮನೆಗೆ ಇದ್ಯಾಕೋ ತಮ್ಮಾ? ಹುಡುಗಿಗೆ ಒಂದು ಹೊಲಿಗೆ ಮಿಷಿನ್ ತಂದುಕೊಡು, ಕೈಗೆ ಹತ್ತುತ್ತೆ."

ಶನಿವಾರ ಅಂಗಡಿಯಿಂದ ಶಿವು ಅನ್ನುವವನು ಜೋಡಿಸಲು ಬಂದ. ಸಾಮಾನು ಬಿಚ್ಚಿಡಲು ಏನಾದರೂ ಹಾಸಿ ಅಂದಾಗ ಅಜ್ಜಿ ಒಳಗಿಂದ ಕರಿ ಕಂಬಳಿ ತಂದಳು. ನಮ್ಮಲ್ಲಿ ಮನೆಗೆ ಹೊಸದಾಗಿ ಬಂದದ್ದು ಬರಿ ನೆಲದ ಮೇಲೆ ಕೂರುವಂತಿಲ್ಲ. ಮದುಮಗಳಾದರೂ ಅಷ್ಟೇ, ಮೊದಲು ಕಂಬಳಿ ಗದ್ದಿಗೆ. ಅದು ಆಗಷ್ಟೇ ಮಗ್ಗದಿಂದ ಇಳಿದ ಕಂಬಳಿ. ಹುಣಸೆ ಬೀಜದ ಗಂಜಿಯ ಬಿರುಸು, ಕುರಿಯ ವಾಸನೆ ಇನ್ನೂ ಹೋಗಿರಲಿಲ್ಲ.

"ಎಲ್ಲಾದ್ರೂ ಹಾಸ್ರಿ ಅಜ್ಜಿ, ನಂಗೆ ಬಸ್ಸಿಗೆ ಟೈಮಾಗುತ್ತೆ" ಅಂದ ಶಿವು, ಬಿಡಿ ಭಾಗಗಳನ್ನೆಲ್ಲ ಕಂಬಳಿ ಮೇಲೆ ಹರಡಿ, ಗಡಿಯಾರ ನೋಡುತ್ತಲೇ ತಿರುಪು ತಿರುಗಿಸಿದ.

ಸ್ವಿಚ್ ಹಾಕಿದರೆ ಫ್ಯಾನ್ ಸುತ್ತಿತು. ಪರದೆ ಕಪ್ಪಗೇ ಉಳಿಯಿತು. ಒಳಗಿಂದ ಉದ್ದನೆಯ ಕೂಗು: ಬೀಂ... ಬೀಂ... ಬೀಂ... ಸುಲಿಯುತ್ತಿದ್ದ ಕೈಗಳೆಲ್ಲ ನಿಂತವು. ಶಿವು ಎರಡು ಸಲ ಆರಿಸಿ ಹಾಕಿ ಕೈ ಝಾಡಿಸಿದ.

"ಬೋರ್ಡು ಹೋಗೈತೆ ಅಣ್ಣಾ. ಈ ಕರೆಂಟಿಗೆ ಹಿಂಗೇ ಆಗೋದು. ಸೋಮವಾರ ನಿಮ್ಮ ಬಸ್ಸಲ್ಲೇ ವಾಪಸ್ ಕಳಿಸ್ರಿ." ನನ್ನ ಕಡೆ ತಿರುಗಿ, "ನೀನು ಇದನ್ನ ಮುಟ್ಟಬ್ಯಾಡಮ್ಮ" ಅಂದ.

ಅಪ್ಪ ಖಾಲಿ ಡಬ್ಬಗಳನ್ನು ಒಂದರ ಪಕ್ಕ ಒಂದು ಜೋಡಿಸಿಟ್ಟರು. ಕೊನೆಗೆ, "ಸೋಮವಾರದ ಮೊದಲ ಟ್ರಿಪ್ಪಿಗೆ ತಗಂಡು ಹೋಗ್ತೀನಿ. ಅವರು ದುಡ್ಡು ಕೊಟ್ರೆ ಹೊಲಿಗೆ ಮಿಷಿನ್ನೇ ನೋಡಾಣ" ಅಂದರು. ನನಗೆ ಉಳಿದದ್ದು ಒಂದು ಭಾನುವಾರ.

ಬೆಳಿಗ್ಗೆ ಮುದ್ದೆ, ಶೇಂಗಾ ಚಟ್ನಿ ಮುಗಿಸಿ ಮತ್ತೆ ಸ್ವಿಚ್ ಹಾಕಿದೆ. ಮತ್ತೆ ಅದೇ ಕೂಗು.

"ತಾಯಿ ಬಿಟ್ಟ ಮರಿ ಅರಚಿದಂಗೆ ಅರಚ್ತೈತೆ. ಸಾಯೋ ಗಿರಾಕಿ" ಅಂದ ದೊಡ್ಡಪ್ಪ.

ಅಜ್ಜಿಗೆ ಸಿಟ್ಟು ಬಂತು. "ಇಷ್ಟು ವರ್ಷ ಕುರಿ ಕಾದು ಇದೇನೋ ಕಲ್ತಿದ್ದು? ಸಾಯೋ ಮರಿ ಅರಚಲ್ಲ, ಸುಮ್ಮನಾಗುತ್ತೆ. ಅರಚ್ತೈತೆ ಅಂದ್ರೆ ಏನೋ ಬೇಕಾಗೈತೆ. ಏನು ಬೇಕೋ ಕೇಳೇ ರತ್ನಿ."

ಯಾರನ್ನು ಕೇಳುವುದು? ಡಬ್ಬದಲ್ಲಿ ಒಂದು ಇಂಗ್ಲಿಷ್ ಪುಸ್ತಕ ಇತ್ತು. ಶಾಲೆಯ ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಕೂತೆ. ಕೊನೆಯ ಪುಟಗಳಲ್ಲಿ ಕೂಗುಗಳದ್ದೇ ಒಂದು ಪಟ್ಟಿ! ಉದ್ದ ಕೂಗು ನಿಲ್ಲದೆ ಬಂದರೆ ಮೆಮೊರಿ ಪಟ್ಟಿ ತನ್ನ ಸಂದಿನಲ್ಲಿ ಸರಿಯಾಗಿ ಕೂತಿಲ್ಲ ಎಂದರ್ಥ. ಅಜ್ಜಿ ಹೇಳಿದ್ದನ್ನೇ ಪುಸ್ತಕದವರು ಅಚ್ಚು ಹಾಕಿಸಿದ್ದರು.

ನಾನು ತಿರುಪುಳಿ ಹುಡುಕಿದೆ.

"ಬಿಚ್ಚಿ ಇನ್ನಷ್ಟು ಕೆಡಿಸಿದ್ರೆ ಅಂಗಡಿಯೋನು ವಾಪಸ್ ತಗಳಲ್ಲ" ಅಂದ ದೊಡ್ಡಪ್ಪ.

"ವಾಪಸ್ ಕೊಡೋದಿದ್ರೆ ತಾನೆ?"

ನನ್ನ ದನಿ ನನಗೇ ಹೊಸದಾಗಿತ್ತು. ಅಪ್ಪನ ಕಡೆ ನೋಡಿದೆ. ಅವರು ಬಕೆಟ್ಟಿನಲ್ಲಿ ಖಾಕಿ ಅಂಗಿ ಒಗೆಯುತ್ತಿದ್ದರು. ತಲೆ ಎತ್ತದೆ, "ಪ್ಲಗ್ ಕಿತ್ತು ಮುಟ್ಟು" ಅಂದರು. ಅಷ್ಟೇ.

ಮುಚ್ಚಳ ಬಿಚ್ಚಿದರೆ, ಪುಸ್ತಕದ ಚಿತ್ರದಲ್ಲಿದ್ದ ಹಾಗೆಯೇ ಚೋಟುದ್ದದ ಹಸಿರು ಪಟ್ಟಿ. ಅದರ ಅಂಚಿಗೆ ಸಾಲಾಗಿ ಬಂಗಾರದ ಹಲ್ಲು. ಹೊರಗೆ ತೆಗೆದು, ಒರೆಸಿ, ಮತ್ತೆ ಕೂರಿಸಿ ಒತ್ತಿದೆ. ಒಂದು ಕಡೆಯ ಕೊಂಡಿ ಹಾಕಿಕೊಂಡಿತು, ಇನ್ನೊಂದು ಜಪ್ಪಯ್ಯ ಅಂದರೂ ಇಲ್ಲ. ಪ್ಲಗ್ ಹಾಕಿದೆ. ಬೀಂ... ಕಣ್ಣು ತುಂಬಿಕೊಂಡೇ ಪ್ಲಗ್ ಕಿತ್ತು, ಪಟ್ಟಿ ಹೊರಗೆಳೆದೆ.

"ಪ್ಲಗ್ ಕಿತ್ತಿಯೇನೇ? ಹಂಗಾದ್ರೆ ಇಲ್ಲಿ ತಾ" ಅಂದಳು ಅಜ್ಜಿ. ಅವಳ ಕಣ್ಣಿಗೆ ಪೊರೆ ಬಂದಿತ್ತು. ಆದರೆ ಜೀವಮಾನವೆಲ್ಲ ಉಣ್ಣೆ ನೂತ ಬೆರಳುಗಳಿಗೆ ಪೊರೆ ಇರಲಿಲ್ಲ. ಪಟ್ಟಿ ಕೂರುವ ಆ ಸಣ್ಣ ಸಂದಿನುದ್ದಕ್ಕೂ ಉಗುರು ಆಡಿಸಿ ಒಂದು ಕಡೆ ನಿಲ್ಲಿಸಿದಳು. "ಇದ್ರೊಳಗೆ ಉಣ್ಣೆ ಸಿಕ್ಕಂಡೈತೆ. ನಮ್ಮದೇ."

ಅವಳು ಹಾಸಿದ ಕಂಬಳಿಯ ಉಣ್ಣೆ! ನನ್ನ ಉಗುರಿಗೆ ಅದು ಸಿಗಲಿಲ್ಲ. ದೊಡ್ಡಪ್ಪನ ಉಡಿದಾರದಲ್ಲಿ ಮುಳ್ಳು ಕೀಳುವ ಚಿಮಟ ಯಾವಾಗಲೂ ನೇತಾಡುತ್ತಿತ್ತು. ಎಲ್ಲರೂ ಅದನ್ನೇ ನೋಡಿದೆವು.

"ಇದು ಕುರಿ ಕಾಲಿಗೆ ಇಟ್ಟಿರೋದು" ಅಂದ ದೊಡ್ಡಪ್ಪ.

"ಇದೂ ನಮ್ಮ ಮಂದೆಗೇ ಸೇರಿದ್ದು, ಬಾರೋ" ಅಂದಳು ಅಜ್ಜಿ.

ಗೊಣಗುತ್ತಲೇ ಬಂದು ಕುಕ್ಕರಗಾಲಲ್ಲಿ ಕೂತ. ಮುಳ್ಳು ಕೀಳುವಾಗಿನ ಹಾಗೆಯೇ ಉಸಿರು ಬಿಗಿಹಿಡಿದು ಕರಿ ಎಳೆಗಳ ಒಂದು ಸಣ್ಣ ಉಂಡೆ ಎಳೆದು ತೆಗೆದ. ನಾನು ಪಟ್ಟಿ ಒತ್ತಿದೆ. ಟಕ್! ಎರಡೂ ಕೊಂಡಿ ಒಟ್ಟಿಗೆ.

ಸ್ವಿಚ್. ಒಂದೇ ಒಂದು ಪುಟ್ಟ ಕೂಗು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ, ಅದರ ಕೆಳಗೆ ಸರಸರ ಏರುವ ಅಂಕಿ.

"ಏನೋ ಎಣಿಸ್ತೈತಲ್ಲೇ!" ಅಂದ ದೊಡ್ಡಪ್ಪ.

"ಕುರಿ ಎಣಿಸ್ತಿರಬೇಕು, ಯಾರ ಮನೆಗೆ ಬಂದೀನಿ ಅಂತ ಗೊತ್ತಾಗಿ" ಅಂದಳು ಅಜ್ಜಿ.

ಸೋಮವಾರ ಅಪ್ಪ ಡಬ್ಬ ಒಯ್ಯಲಿಲ್ಲ. ಪ್ರೋಗ್ರಾಂ ಹಾಕುವ ಉಳಿದ ಕೆಲಸಕ್ಕೆ ಸಿಡಿ ಸಮೇತ ಶಿವುವನ್ನೇ ಬಸ್ಸಿಗೆ ಹತ್ತಿಸಿಕೊಂಡು ಬಂದರು. ಅವನು ವಿಷಯ ಕೇಳಿ, "ಕಂಬಳಿ ಹಾಸಿದ್ದೇ ತಪ್ಪು" ಅಂದ.

"ಒದರದೆ ಹಾಸಿದ್ದು ನನ್ನ ತಪ್ಪು ಕಣಪ್ಪ. ಅರಚೋದು ಕೇಳಿಯೂ ಬಸ್ಸು ಹತ್ತಿದ್ದು ನಿಂದು" ಅಂದಳು ಅಜ್ಜಿ. "ಕುಂತ್ಕ, ಮಜ್ಜಿಗೆ ಕುಡಿ. ಅವಳು ಕುರ್ಚಿ ಮೇಲೆ ಕುಂತ್ಕಂತಾಳೆ, ನೀನು ಪಕ್ಕ ನಿಂತು ಹೇಳಿಕೊಡು."

ಈಗ ಅಜ್ಜಿಯಿಲ್ಲ, ದೊಡ್ಡಪ್ಪನಿಲ್ಲ. ಚಿಮಟ ನನ್ನ ಹತ್ತಿರ ಇದೆ. ಕೆಟ್ಟರೆ ಕೂಗಿ ಹೇಳುವ ಯಂತ್ರಗಳೂ ಇಲ್ಲವಾದವು. ಮೊನ್ನೆ ನನ್ನ ಲ್ಯಾಪ್‌ಟಾಪ್ ಒಂದು ಸದ್ದೂ ಮಾಡದೆ ಕಣ್ಣು ಮುಚ್ಚಿತು. ರಿಪೇರಿ ಅಂಗಡಿಯವನು ತೆರೆದೂ ನೋಡಲಿಲ್ಲ. "ಹೊಸದು ತಗೊಳ್ಳಿ ಮೇಡಂ. ನೀವೇನೂ ಬಿಚ್ಚೋಕೆ ಹೋಗ್ಬೇಡಿ" ಅಂದ.

ಮನೆಗೆ ತಂದೆ. ಅದೇ ಕಂಬಳಿಯನ್ನು ಅಂಗಳದಲ್ಲಿ ಮೂರು ಸಲ ಒದರಿ, ನನಗೆ ಕೂರಲು ಹಾಸಿಕೊಂಡೆ. ಲ್ಯಾಪ್‌ಟಾಪಿಗೆ ಮೇಜು. ಕರೆಂಟಿನ ವೈರು ಕಿತ್ತು ಬದಿಗಿಟ್ಟು, ತಿರುಪುಳಿ ಕೈಗೆತ್ತಿಕೊಂಡೆ. ಇದು ಅರಚುವುದಿಲ್ಲ, ಗೊತ್ತು. ಆದರೂ ಏನು ಬೇಕು ಅಂತ ಕೇಳದೆ ಮನೆಯಿಂದ ಹೊರಗೆ ಕಳಿಸುವವಳು ನಾನಲ್ಲ.