ಹರವಿಯ ಬುಡದ ಮರಳು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಗುಲ್ಬರ್ಗಾದಲ್ಲಿ ಬ್ಯಾಕ್ಟೀರಿಯಾದ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಅತಿನೇರಳೆ ಬೆಳಕಿಗೆ ಒಡ್ಡಿದ ರಾಶಿಯಲ್ಲಿ ವಿಚಿತ್ರವಾದದ್ದೊಂದು ಸಿಕ್ಕಿತ್ತು. ಒಂದು ವಂಶವಾಹಿ ಬದಲಾಗಿ, ಅದಕ್ಕೆ ಸೆಕೆ ತಡೆಯುತ್ತಿರಲಿಲ್ಲ; ತುಸು ಬೆಚ್ಚಗಾದರೂ ಬೆಳವಣಿಗೆ ನಿಲ್ಲುತ್ತಿತ್ತು. ಯಾಕೆಂದು ತಿಳಿಯಬೇಕಿತ್ತು. ಅಂಥದ್ದು ಮತ್ತೊಂದು ಸಿಕ್ಕಿರಲಿಲ್ಲ. ಅದು ಸತ್ತರೆ ನನ್ನ ಸಂಶೋಧನೆಯೂ ಮಣ್ಣುಪಾಲು.

ರಜೆಯಲ್ಲೇ ಪ್ರಯೋಗಾಲಯದ ಫ್ರಿಜ್ ಕೈಕೊಡಬೇಕೆ! ಗಾಜಿನ ನಳಿಕೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಶಹಾಬಾದಿನ ಮನೆಗೆ ತಂದೆ. ಆ ಬಿಸಿಲೂರಿಗೆ ತಂದವಳ ಬುದ್ಧಿಗೆ ಏನು ಹೇಳಲಿ? ಆದರೆ ನಮ್ಮ ಕುಡಿಯುವ ನೀರಿನ ಮಣ್ಣಿನ ಹರವಿಯ ಬುಡದ ಮರಳು ಮೇ ತಿಂಗಳಲ್ಲೂ ತಣ್ಣಗಿರುತ್ತಿತ್ತು. ಅಲ್ಲಿ ಹುಗಿದಿಟ್ಟು ಸುಲೇಪೇಟಕ್ಕೆ ಮದುವೆಗೆ ಹೋದೆ.

ಬಂದು ನೋಡಿದರೆ ನಳಿಕೆಗಳು ಪಡುವಣ ಗೋಡೆಯಲ್ಲಿ ಕೊರೆದ ಮಾಡದಲ್ಲಿದ್ದವು. ಮಧ್ಯಾಹ್ನವಾದರೆ ಆ ಕಲ್ಲಿನ ಗೋಡೆ ಕಾದ ಹಂಚು. ಅವ್ವ ಒಂದೊಂದನ್ನೂ ಒರೆಸಿ ಸಾಲಾಗಿ ನಿಲ್ಲಿಸಿದ್ದಳು.

“ಕುಡಿಯೋ ನೀರಿನ ಬಾಜೂಕ ಹುಳ ಇಡ್ತಾರೇನು?” ಎಂದಳು.

ಊಟ ಬಿಟ್ಟು ಮರಳು ಕೆದಕಿದೆ. ಅವಳ ಕೈಗೆ ಸಿಗದ ಒಂದು ನಳಿಕೆ ಆಳದಲ್ಲಿ ತಣ್ಣಗೆ ಮಲಗಿತ್ತು.

ಗುಲ್ಬರ್ಗಾಕ್ಕೆ ಮರಳಿ, ಸೆಕೆಗೆ ಕೆಟ್ಟವನ್ನು ಚೆಲ್ಲಲು ಹೊರಟಾಗ ನಮ್ಮ ಮೇಷ್ಟ್ರು ತಡೆದು, ಮೊದಲು ಪರೀಕ್ಷಿಸಲು ಹೇಳಿದರು. ಪ್ರತಿ ನಳಿಕೆಯ ನೀರನ್ನು ಸೋಸಿ ಕಾಗದದ ಮೇಲೆ ಹನಿ ಹಾಕಿದೆ. ಜೀವಕೋಶಗಳು ತಮ್ಮೊಳಗೆ ತಯಾರಿಸಿಕೊಳ್ಳುವ ಅಮೈನೋ ಆಮ್ಲವಿದ್ದಲ್ಲಿ ನೇರಳೆ ಬಣ್ಣ ಕೊಡುವ ದ್ರಾವಣ ಸಿಂಪಡಿಸಿ ಬಿಸಿ ಮಾಡಿದೆ. ಮರಳಿನಲ್ಲಿದ್ದ ನಳಿಕೆಯ ಹನಿ ಹೆಚ್ಚುಕಡಿಮೆ ಬೆಳ್ಳಗೇ ಉಳಿಯಿತು. ಮಾಡದಲ್ಲಿ ಬೆಂದವುಗಳ ಹನಿಯೆಲ್ಲ ನೇರಳೆ ಹಣ್ಣಿನ ಕಲೆಯಂತೆ ಕಪ್ಪಾಗುತ್ತ ಬಂತು. ಸತ್ತು ಒಡೆದ ಕೋಶಗಳಿಂದ ಅಷ್ಟೊಂದು ಬರಲು ಸಾಧ್ಯವೇ ಇರಲಿಲ್ಲ. ಕಣ್ಣಿಗೂ ಕಾಣದ ಜೀವಿಯ ಗೋಡೆ ಸೆಕೆಗೆ ಸಡಿಲಾಗಿತ್ತು. ಒಳಗೆ ತಯಾರಾದದ್ದು ಹೊರಗೆ ಸೋರುತ್ತಿತ್ತು. ಸೋರಿದಷ್ಟೂ ಅದು ಮತ್ತೆ ಮತ್ತೆ ತಯಾರಿಸುತ್ತಲೇ ಇತ್ತು!

ಮುಂದಿನ ಸಲ ಊರಿಗೆ ಹೋದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬುಟ್ಟಿ ತುಂಬಿದರೆ ಕೈ ನಿಲ್ಲಿಸುತ್ತೀಯಲ್ಲ, ಹಾಗೇ ಆ ಹುಳವೂ ಒಳಗೆ ತುಂಬಿದರೆ ತಯಾರಿಸುವುದನ್ನು ನಿಲ್ಲಿಸುತ್ತದೆ ಎಂದೆ. ಬುಟ್ಟಿಯ ತಳ ಸಡಿಲಾದರೆ ಅದು ತುಂಬುವುದೇ ಇಲ್ಲ, ಬಡಿಯುವುದೂ ನಿಲ್ಲುವುದಿಲ್ಲ. ಅವ್ವನ ಕೈ ಹಿಟ್ಟಿನ ಮೇಲೇ ನಿಂತಿತು.

“ಎಲ್ಲಾ ಹೊರಗ ಕೊಟ್ಟು ಅದು ಬದುಕ್ತದೇನು?”

“ಭಾಳ ದಿನ ಇಲ್ಲವ್ವ. ತಂಪಿನ್ಯಾಗ ಇಟ್ಟದ್ದಷ್ಟೇ ಬದುಕ್ತದ.”

ಅವಳು ರೊಟ್ಟಿ ತಿರುವಿ ಹಾಕಿದಳು. ಮರುವರ್ಷ ಬೇಸಿಗೆಗೆ ಮನೆಗೆ ಕಾಲಿಟ್ಟಾಗ ನೀರಿನ ಹರವಿಯ ಎದುರು ಮೂಲೆಯಲ್ಲಿ ಇನ್ನೊಂದು ಹೊಸ ಹರವಿ ಕೂತಿತ್ತು. ಬುಡದಲ್ಲಿ ಜರಡಿ ಹಿಡಿದ ಮರಳು; ಅದಕ್ಕೆ ಅವ್ವ ಆಗಷ್ಟೇ ನೀರು ಚಿಮುಕಿಸಿದ್ದಳು.

“ಇದರಾಗಿನ ನೀರು ಯಾರೂ ಕುಡಿಯಾಂಗಿಲ್ಲ,” ಎಂದಳು ಅವ್ವ. “ನಿನ್ನ ಹುಳಕ್ಕ ಇಟ್ಟೀನಿ.”