ಮಲ್ಲಪ್ಪ ಕಾಕಾ ಎಳೆದ ಬಾಣಗಳು

ಕೋಪ ಬಂದರೆ ಮಲ್ಲಪ್ಪ ಕಾಕಾನ ಎಡಗಿವಿ ಮೊದಲು ಕೆಂಪಾಗುತ್ತಿತ್ತು, ಬಾಯಿ ಆಮೇಲೆ ತೆರೆಯುತ್ತಿತ್ತು. ಆ ನಡುವಿನ ಗಳಿಗೆಯಲ್ಲಿ ಜಾಗ ಖಾಲಿ ಮಾಡುವುದನ್ನು ಮುಂಬಯಿ ಫೋರ್ಟ್‌ನ ನಮ್ಮ ಲಿಫ್ಟ್ ರಿಪೇರಿ ಕಂಪನಿಯಲ್ಲಿ ಎಲ್ಲರೂ ಕಲಿತಿದ್ದರು. ಕಾಕಾ ವಿಜಯಪುರದ ಕಡೆಯವರು. ಮೂವತ್ತೈದು ವರ್ಷ ಮುಂಬಯಿಯ ಲಿಫ್ಟುಗಳ ಹೊಟ್ಟೆಯೊಳಗೆ ಇಳಿದು ಹತ್ತಿದವರು. ಯಾವ ಲಿಫ್ಟ್ ಯಾಕೆ ನಿಲ್ಲುತ್ತದೆ, ನಿಂತಾಗ ಮೊದಲು ಏನನ್ನು ನೋಡಬೇಕು ಎಂಬುದನ್ನೆಲ್ಲ ಚೌಕಗಳಲ್ಲಿ ಬರೆದು, ಚೌಕದಿಂದ ಚೌಕಕ್ಕೆ ಬಾಣ ಎಳೆದು, ದೊಡ್ಡ ಹಾಳೆಗಳ ಕಟ್ಟನ್ನೇ ಮಾಡಿಟ್ಟಿದ್ದರು. ಹೊಸ ಮೆಕ್ಯಾನಿಕ್‌ಗಳು ಕೆಲಸ ಕಲಿತದ್ದು ಆ ಹಾಳೆಗಳಿಂದ.

ಅವನ್ನು ಕಂಪ್ಯೂಟರಿಗೆ ಅರ್ಥ ಮಾಡಿಸುವುದು ನನ್ನ ಕೆಲಸ. ಭಾಷೆ ಬಲ್ಲ ಎಐ ಮಾಡೆಲ್ ಒಂದಕ್ಕೆ ಚಿತ್ರ ತೋರಿಸಿದರೆ ಅದು ಬಾಣಗಳನ್ನು ವಾಕ್ಯಗಳಾಗಿಸಿ ಮೆಕ್ಯಾನಿಕ್‌ಗಳ ಫೋನಿಗೆ ಕಳಿಸುತ್ತಿತ್ತು. ಮೊದಲ ದಿನ ಕಾಕಾ ಕನ್ನಡಕ ಏರಿಸಿ ಪರದೆ ಓದಿದರು. ಕಿವಿ ಕೆಂಪಾಯಿತು.

“ಬಾಣಕ್ಕ ಅಡ್ಡಗೀಟ ಹಾಕೀನಿ, ಕಾಣಂಗಿಲ್ಲೇನು? ಮೇನ್ ಸ್ವಿಚ್ ಬಂದ್ ಮಾಡೂ ತನಕ ಈ ದಾರೀಲೆ ಹೋಗಬ್ಯಾಡಂತ ಅದರ ಅರ್ಥ. ಇದು ‘ಹೋಗು’ ಅಂತ ಬರದೈತಿ!”

“ಅಂಕಲ್, ಮೋಸ್ಟ್ಲಿ ಕರೆಕ್ಟ್ ಹೈ ನಾ,” ಎಂದರು ಮ್ಯಾನೇಜರ್.

ಕಾಕಾ ನನ್ನತ್ತ ತಿರುಗಿದರು. “ಮೋಸ್ಟ್ಲಿ ನಿಂತ ಲಿಫ್ಟಿನ ಕೆಳಗ ಇವ ತಮ್ಮಪ್ಪನ್ನ ನಿಂದರಸ್ತಾನೇನು, ಕೇಳು ತಂಗಿ.”

ನಾನು ಕೇಳಲಿಲ್ಲ. ಆದರೆ ಮುಂದಿನ ಮೂರು ವಾರ ಅವರ ಪಕ್ಕ ಕೂತೆ. ಅಡ್ಡಗೀಟು, ಜೋಡಿಗೆರೆ, ಚುಕ್ಕಿಗೆರೆ, ಒಂದೊಂದರ ಅರ್ಥವನ್ನೂ ಅವರು ಹೇಳಿದರು, ನಾನು ಮಾಡೆಲ್‌ಗೆ ಬರೆದುಕೊಟ್ಟೆ. ಗೆರೆ ಮಾಸಿದ ಕಡೆ ಊಹೆ ಮಾಡದೆ ‘ಇಲ್ಲಿ ಖಾತ್ರಿಯಿಲ್ಲ, ಕೇಳಿ ಮುಂದುವರಿಯಿರಿ’ ಎಂದು ಬರೆಯುವಂತೆಯೂ ಮಾಡಿದೆ. ಅದನ್ನು ನೋಡಿ ಕಾಕಾ ಮೊದಲ ಸಲ ನಕ್ಕರು.

“ಗೊತ್ತಿಲ್ಲ ಅನ್ನಾಕ ಬಂತಲ್ಲ, ಇನ್ನ ಇದು ಕೆಲಸ ಕಲೀತೈತಿ. ನಮ್ಮ ಸಾಹೇಬರಿಗೇ ಇನ್ನೂ ಬಂದಿಲ್ಲ.”

ಕಾಕಾ ನಿವೃತ್ತರಾದ ಮರುತಿಂಗಳು ಮ್ಯಾನೇಜರ್ ಆ ‘ಕೇಳಿ ಮುಂದುವರಿಯಿರಿ’ ಎಂಬ ಸಾಲನ್ನೇ ತೆಗೆಯಲು ಹೇಳಿದರು. ಮೆಕ್ಯಾನಿಕ್‌ಗಳು ಮಾತುಮಾತಿಗೆ ಆಫೀಸಿಗೆ ಫೋನ್ ಮಾಡುತ್ತಾರೆ, ಕೆಲಸ ತಡವಾಗುತ್ತದೆ ಎಂಬುದು ಅವರ ತಕರಾರು. ತಪ್ಪೆಂದು ನನಗೆ ಗೊತ್ತಿತ್ತು. ತೆಗೆದೆ. ಪರೀಕ್ಷಿಸಿದ್ದೇನೆಂದು ಸಹಿಯನ್ನೂ ಹಾಕಿದೆ.

ದಾದರ್‌ನ ಒಂದು ಬಿಲ್ಡಿಂಗಿನಲ್ಲಿ ಸಂತೋಷ್ ಎಂಬ ಮೆಕ್ಯಾನಿಕ್ ಫೋನ್ ಹೇಳಿದಂತೆ ಲಿಫ್ಟಿನ ಯಂತ್ರಕ್ಕೆ ಕೈ ಹಾಕಿದ. ಮಾಸಿದ ಅಡ್ಡಗೀಟೊಂದು ಕಾಣದೆ ಮಾಡೆಲ್ ಅದನ್ನು ಬರಿಯ ಬಾಣವೆಂದು ಊಹಿಸಿತ್ತು. ಮೇನ್ ಸ್ವಿಚ್ ಚಾಲೂ ಇತ್ತು. ಲಿಫ್ಟ್ ಹೊರಟಿತು, ಅವನ ಬಲಗೈಯ ಮೂರು ಬೆರಳು ಹೋದವು. ಮೂಲ ಚಿತ್ರವೇ ಅಸ್ಪಷ್ಟವಾಗಿತ್ತು, ಮೆಕ್ಯಾನಿಕ್ ಎಚ್ಚರ ವಹಿಸಲಿಲ್ಲ ಎಂದು ಕಂಪನಿ ಬರೆದು ಕೈತೊಳೆದುಕೊಂಡಿತು. ಅದನ್ನು ಓದಿ ನನ್ನ ಮೈಯೆಲ್ಲ ಉರಿಯಿತು.

ಮಾರನೆಯ ದಿನವೇ ಕಾಕಾ ಆಫೀಸಿಗೆ ಬಂದರು. ಮ್ಯಾನೇಜರ್ ಕ್ಯಾಬಿನ್ನಿನತ್ತ ಹೋಗಲಿಲ್ಲ, ನನ್ನ ಮೇಜಿನೆದುರು ನಿಂತರು.

“ಕೇಳ್ರಿ ಅನ್ನೂ ಸಾಲು ಎಲ್ಲಿ?”

“ತಗಸಿದ್ರು ಕಾಕಾ.”

“ತಗದ ಕೈ ಯಾರದು?”

“ನಂದು.”

“ಅವರು ತಿಳೀಲಾರದ ಮಾಡಿದ್ರು. ನೀ ಮೂರು ವಾರ ನನ್ನ ಬಾಜೂಕ ಕುಂತು, ತಿಳಕೊಂಡು ಮಾಡಿದಿ.”

ದನಿ ಏರಲೇ ಇಲ್ಲ. ಬೈದಿದ್ದರೆ ಸಹಿಸುತ್ತಿದ್ದೆ.

ಅಪಘಾತದ ವಿಚಾರಣೆ ನಡೆದಾಗ ನಾನು ಎಲ್ಲವನ್ನೂ ಬರೆದುಕೊಟ್ಟೆ: ತೆಗೆದ ಸಾಲು, ತೆಗೆಯಲು ಹೇಳಿದವರ ಹೆಸರು, ನನ್ನ ಸಹಿ. ಸಂತೋಷ್‌ನ ಮೇಲಿನ ಆರೋಪ ಬಿದ್ದುಹೋಯಿತು. ನನ್ನ ನೌಕರಿಯೂ ಹೋಯಿತು. ಮ್ಯಾನೇಜರ್ ಮಾತ್ರ ಇವತ್ತಿಗೂ ಅದೇ ಕುರ್ಚಿಯಲ್ಲಿದ್ದಾರೆ. ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ.

ಸುದ್ದಿ ಹೇಳಲು ಭಾಂಡುಪ್‌ಗೆ, ಕಾಕಾನ ಚಾಳಿನ ಮನೆಗೆ ಹೋದೆ. ಅವರ ಹೆಂಡತಿ ಬಾಗಿಲನ್ನು ಅರ್ಧ ತೆರೆದರು.

“ಎಲ್ಲಾ ಕೇಳ್ಯಾರವ್ವ. ಸಂತೋಷನೇ ಬಂದು ಹೇಳಿ ಹೋದ.” ಒಳಗೊಮ್ಮೆ ನೋಡಿ ದನಿ ತಗ್ಗಿಸಿದರು. “ಒಳಗ ಅದಾರ. ನಿನ್ನ ಜೋಡಿ ಮಾತಾಡೂದಿಲ್ಲಂತ.”

ಒಳಗೆ ಮಂಚ ಕಿರುಗುಟ್ಟಿತು. ಕಾಕಾ ಹೊರಗೆ ಬರಲಿಲ್ಲ. ತಂದಿದ್ದ ಬಾಳೆಹಣ್ಣನ್ನು ಅವರ ಹೆಂಡತಿಯ ಕೈಗಿತ್ತು ಮೆಟ್ಟಿಲಿಳಿದೆ.