ವಖಾರಿ ಇದ್ದಂಗ

ದಲಾಲಿ ಕಾಕಾನ ಎಡಹುಬ್ಬಿನಲ್ಲಿ ಸದಾ ಒಂದೆಳೆ ಹತ್ತಿ ಸಿಕ್ಕಿಕೊಂಡಿರುತ್ತಿತ್ತು. ಹುಬ್ಬು ಬೆಳ್ಳಗಾದ ಮೇಲಂತೂ ಯಾವುದು ಕೂದಲು, ಯಾವುದು ಹತ್ತಿ ಎಂದು ಹೇಳುವುದೇ ಕಷ್ಟ. ಹಬ್ಬದ ದಿನ ಎಣ್ಣೆ ನೀರು ಹಾಕಿಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಬಂದು ಕೂತರೂ ಎಲ್ಲಿಂದಲೋ ಒಂದೆಳೆ ಬಂದು ಅಲ್ಲಿ ಕೂತೇ ಇರುತ್ತಿತ್ತು. ಹುಬ್ಬಳ್ಳಿ ಮಾರ್ಕೆಟ್ಟಿನಲ್ಲಿ ನಲವತ್ತು ವರ್ಷ ಹತ್ತಿಯ ದಲಾಲಿ ಮಾಡಿದವರು. ಬೈರಿದೇವರಕೊಪ್ಪದಲ್ಲಿ ನಮ್ಮ ಎದುರುಮನೆ. ಅವರ ಬಗ್ಗೆ ಸಮಾಧಾನದಿಂದ ಬರೆಯೋಣ ಎಂದು ಎಷ್ಟೋ ಸಲ ಕೂತಿದ್ದೇನೆ. ಆಗುವುದಿಲ್ಲ, ಸಿಟ್ಟು ಬರುತ್ತದೆ.

ಹತ್ತಿಯನ್ನು ಅವರು ಕಣ್ಣಿಂದ ನೋಡುತ್ತಿರಲಿಲ್ಲ. ಚೀಲದೊಳಗೆ ಕೈ ಹಾಕಿ ಒಂದು ಚಿಟಿಕೆ ಹಿಂಜಿ, ಎರಡೂ ಹೆಬ್ಬೆರಳಿನ ನಡುವೆ ಎಳೆದು, ಬೇರೆ ಎಲ್ಲೋ ನೋಡುತ್ತ ದರ ಹೇಳುತ್ತಿದ್ದರು. ‘ಅರಳಿ ಹಿಂಜಿ ನೋಡು, ಮನಷ್ಯಾನ್ನ ಕುಂಡ್ರಿಸಿ ನೋಡು’ ಎನ್ನುವುದು ಅವರ ಮಾತು. ಅರಳಿ ಎಂದರೆ ಹತ್ತಿ. ಯಾರೇ ಮನೆಗೆ ಬಂದರೂ ಮೊದಲು ಕೂರಿಸಬೇಕು. ನಿಂತು ಮಾತಾಡುವವನ ಮಾತಿಗೆ ಅವರಲ್ಲಿ ಬೆಲೆಯಿರಲಿಲ್ಲ. ಹತ್ತಿರದ ಸುಳ್ಳ ಎಂಬ ಊರಿನ ರೈತರೊಬ್ಬರು ಪ್ರತಿವರ್ಷ ಕಾಕಾನ ಕೈಯಲ್ಲೇ ಹತ್ತಿ ಮಾರಿಸುತ್ತಿದ್ದರು. ಒಂದು ಸಲ ಖರೀದಿದಾರರ ಎದುರಿಗೇ ಕಾಕಾ, ‘ಕೆಳಗಿನ ಚೀಲ ಹಸಿ ಅದಾವ್ರಿ, ಒಣಗಿಸಿ ತರಸ್ತೇನಿ’ ಎಂದುಬಿಟ್ಟರಂತೆ. ಆ ರೈತ ಸಿಟ್ಟು ಮಾಡಿ ಹೋದವರು ಮುಂದಿನ ವಾರ ಒಣಗಿದ ಹತ್ತಿ ತಂದು ಇವರ ಮುಂದೆಯೇ ಇಳಿಸಿದರು. ಬೇರೆ ದಲಾಲರ ಹತ್ತಿರ ಹೋಗುವ ಮನಸ್ಸು ಅವರಿಗೆ ಬರಲಿಲ್ಲ.

ನನ್ನ ಓದು ಮುಂದುವರಿದದ್ದೂ ಇದೇ ದಲಾಲಿಯಿಂದ. ನಾನು ಬಿ.ಎ. ಮುಗಿಸಿದಾಗ ಅಪ್ಪ ಇನ್ನು ಸಾಕು ಎಂದಿದ್ದರು. ನನಗೆ ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಮಾಡಬೇಕಿತ್ತು. ಮೂರು ದಿನ ಊಟ ಬಿಟ್ಟು ನೋಡಿದೆ, ಅಪ್ಪ ಜಗ್ಗಲಿಲ್ಲ. ನಾಲ್ಕನೆಯ ದಿನ ಕಾಕಾ ಬಂದು ಅಪ್ಪನ ಪಕ್ಕ ಕೂತು, ಹೆಗಲ ಮೇಲಿನ ಟವೆಲ್ಲನ್ನು ಅಪ್ಪನ ಕೈಮೇಲೆ ಹಾಕಿದರು. ಮಾರ್ಕೆಟ್ಟಿನಲ್ಲಿ ಹಿಂದೆಲ್ಲ ದರ ಹಾಗೆಯೇ ಕುದುರುತ್ತಿತ್ತು. ಸುತ್ತ ನಿಂತವರಿಗೆ ಗೊತ್ತಾಗದಂತೆ ಬಟ್ಟೆಯ ಕೆಳಗೆ ಬೆರಳು ಹಿಡಿದು ತೋರಿಸುವುದು. ಅಪ್ಪ ತಾಲೂಕು ಕಚೇರಿಯ ಗುಮಾಸ್ತ, ಅವರಿಗೇನು ತಿಳಿಯಬೇಕು? ಕಾಕಾ ಒಳಗೇ ಎರಡು ಬೆರಳು ಒತ್ತಿ, ‘ಎರಡು ವರ್ಷ. ಸೌದಾ ಆತು. ಇನ್ನ ತಿರುಗಂಗಿಲ್ಲ ನೋಡ್ರಿ’ ಎಂದು ಟವೆಲ್ ಕೊಡವಿ ಎದ್ದರು. ಅಪ್ಪನಿಗೆ ನಗು ಬಂತು. ನಗು ಬಂದ ಮೇಲೆ ಬೇಡ ಎನ್ನಲಾಗಲಿಲ್ಲ. ಇವತ್ತು ನಾನು ಧಾರವಾಡದ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಆ ಇಂಗ್ಲಿಷಿನ ಕಥೆಯೇ ಮುಂದಿನದು.

ಮಾರ್ಕೆಟ್ಟಿನ ವ್ಯವಹಾರ ಕಂಪ್ಯೂಟರಿಗೆ ಹೋದಮೇಲೆ ಕಾಕಾನ ಬೆರಳನ್ನು ಕೇಳುವವರು ಕಡಿಮೆಯಾದರು. ಮನೆಯಲ್ಲಿ ಕೂತು ಕೂತು ಬೇಜಾರಾಗಿ ದಿಂಬಿನ ಹತ್ತಿಯನ್ನೇ ಹಿಂಜುತ್ತಿದ್ದರು. ಆಗಲೇ ಗಬ್ಬೂರಿನ ಕಡೆ ಬೈಪಾಸಿನ ಒಂದು ಹಾಲಿನಲ್ಲಿ ಸಭೆ ನಡೆಯಿತು. ಕ್ರಿಪ್ಟೊ ಕರೆನ್ಸಿ ಮಾರುವ, ಕೊಳ್ಳುವ ಎಕ್ಸ್‌ಚೇಂಜ್ ಒಂದರವರು ಕರೆದದ್ದು. ಫೋನಿನಲ್ಲೇ ಡಿಜಿಟಲ್ ನಾಣ್ಯ ಕೊಳ್ಳಬೇಕು, ಅದನ್ನು ಅವರೇ ಕಾಯ್ದಿಡುತ್ತಾರೆ, ಇಟ್ಟದ್ದಕ್ಕೆ ತಿಂಗಳು ತಿಂಗಳು ಬಡ್ಡಿಯೂ ಉಂಟು. ಊಟಕ್ಕೆ ಜಿಲೇಬಿ ಇತ್ತಂತೆ. ಕಾಕಾ ಎದ್ದು ನಿಂತು, ‘ನಿಮ್ಮ ಗಾದಿ ಎಲ್ಲೈತ್ರಿ?’ ಎಂದು ಕೇಳಿದರಂತೆ. ಗಾದಿ ಎಂದರೆ ವ್ಯಾಪಾರಿ ಹಾಸಿಕೊಂಡು ಕೂತು ವ್ಯವಹಾರ ಮಾಡುವ ಮೆತ್ತೆ, ಅದಿರುವ ಜಾಗಕ್ಕೂ ಅದೇ ಹೆಸರು. ಕೋಟು ಹಾಕಿದವನು, ‘ಎಲ್ಲಾ ಕ್ಲೌಡ್‌ನಲ್ಲಿದೆ ಸರ್’ ಎಂದನಂತೆ. ‘ಮೋಡದಾಗ ಕುಂತಾರಂತವ್ವಾ!’ ಎಂದು ಕಾಕಾ ಒಂದು ವಾರ ನಕ್ಕರು. ನಗುತ್ತಲೇ, ಮತ್ತೊಂದು ಸೌದಾ ಮಾಡುವ ಆಸೆಗೆ, ಫೋನು ಹಿಡಿದುಕೊಂಡು ನಮ್ಮ ಮನೆಗೆ ಬಂದರು.

ನನಗೆ ಆ ಬೆಳಗ್ಗೆ ಚೆನ್ನಾಗಿ ನೆನಪಿದೆ. ಬೇಳೆ ಒಲೆಯ ಮೇಲಿತ್ತು, ನನಗೆ ಧಾರವಾಡದ ಚಿಗರಿ ಬಸ್ಸು ಹಿಡಿಯುವ ಗಡಿಬಿಡಿ. ಫೋನಿನಲ್ಲಿ ಕರಾರುಪತ್ರ ತೆರೆದಿತ್ತು, ಇಂಗ್ಲಿಷಿನಲ್ಲಿ, ಬೆರಳು ಜಾರಿಸಿದಷ್ಟೂ ಮುಗಿಯದಷ್ಟು.

‘ನಮ್ಮ ಮಾಲು ಎಲ್ಲಿಡತಾರ, ಅಷ್ಟು ಓದಿ ಹೇಳು’ ಎಂದರು ಕಾಕಾ.

‘ಕಸ್ಟಡಿ ಅಂತ ಬರದಾರ ಕಾಕಾ. ಅವರ ಹತ್ರನ ಇಡತಾರಂತ.’

‘ಅಂದ್ರ ವಖಾರಿ.’

‘ಹೂಂ, ವಖಾರಿ ಇದ್ದಂಗ’ ಎಂದೆ. ಎಂದು, ‘ಒಪ್ಪಿದ್ದೇನೆ’ ಎಂಬ ಚೌಕಕ್ಕೆ ನಾನೇ ಗುರುತು ಹಾಕಿ ಫೋನು ಕೊಟ್ಟೆ. ನಾನು ಓದಿದ್ದು ತಲೆಬರಹಗಳನ್ನು ಮಾತ್ರ.

ವಖಾರಿ ಎಂಬ ಮಾತು ಹತ್ತಿ ಪೇಟೆಯವರಿಗೆ ಏನೆಂದು ನನಗೆ ತಿಳಿಯದ್ದೇನಲ್ಲ. ಅದು ಮಾಲು ಕಾಯ್ದಿಡುವ ಉಗ್ರಾಣ. ಚೀಲದ ಮೇಲೆ ಮಾಲಿನ ಧಣಿಯ ಗುರುತು ಇರುತ್ತದೆ. ವಖಾರಿಯವನ ಅಂಗಡಿ ಮುಳುಗಿದರೂ ಒಳಗಿನ ಚೀಲ ಧಣಿಯದೇ. ಕಾಕಾ ಅಷ್ಟನ್ನೇ ನಂಬಿ ಹಣ ಹಾಕಿದರು. ಓಣಿಯವರು ಕೇಳಿದಾಗ ಅದನ್ನೇ ಹೇಳಿದರು: ‘ದರಾ ಏರತೈತಿ, ಇಳಿತೈತಿ, ಅದು ನಿಮ್ಮ ನಸೀಬ. ಆದ್ರ ಮಾಲು ವಖಾರ್ಯಾಗ ಇರತೈತಿ, ಎಲ್ಲೂ ಹೋಗಂಗಿಲ್ಲ.’ ಕುಪ್ಪಸ ಹೊಲಿಯುವ ಟೇಲರ್ ಅಕ್ಕ ಸ್ವಂತ ಅಂಗಡಿ ಹಿಡಿಯಲು ಕೂಡಿಟ್ಟದ್ದನ್ನು ಹಾಕಿದಳು. ಸುಳ್ಳದ ರೈತ ಮಗಳ ನರ್ಸಿಂಗ್ ಓದಿಗೆ ಇಟ್ಟದ್ದನ್ನು ಹಾಕಿದರು. ಇನ್ನೂ ಏಳೆಂಟು ಮನೆ. ಯಾರೂ ಎಕ್ಸ್‌ಚೇಂಜನ್ನು ನಂಬಿದವರಲ್ಲ. ಕಾಕಾನನ್ನು ನಂಬಿದವರು.

ವರ್ಷ ತುಂಬುವುದರೊಳಗೆ ಒಂದು ಬೆಳಗ್ಗೆ ಫೋನಿನಲ್ಲಿ ಸಂದೇಶ ಬಂತು. ಗ್ರಾಹಕರ ಸುರಕ್ಷತೆಗಾಗಿ ಹಣ ಹಿಂಪಡೆಯುವುದನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಗಿದೆ. ಸುರಕ್ಷತೆಯಂತೆ! ಕಳ್ಳನೇ ಬಾಗಿಲಿಗೆ ಕೀಲಿ ಹಾಕಿ ಭದ್ರವಾಗಿದೆ ಎಂದ ಹಾಗೆ. ಇನ್ನೂ ಹೊಟ್ಟೆ ಉರಿಯುವ ಮಾತೆಂದರೆ, ಮೊತ್ತ ಪರದೆಯ ಮೇಲೆ ಹಾಗೇ ಕಾಣುತ್ತಿತ್ತು. ದರ ಏರಿದ ದಿನ ಅದೂ ಏರುತ್ತಿತ್ತು. ಕಾಕಾ ಫೋನನ್ನು ನನ್ನ ಮುಂದೆ ಹಿಡಿದು, ‘ಕಾಣತೈತಿ, ಬರವಲ್ದು’ ಎನ್ನುತ್ತಿದ್ದರು. ನಾನು ಸಹಾಯವಾಣಿಗೆ ಬರೆದೆ. ಪ್ರತಿ ಸಲವೂ ಒಂದೇ ಉತ್ತರ: ನಿಮ್ಮ ತಾಳ್ಮೆಗೆ ಧನ್ಯವಾದ. ನನಗೆ ತಾಳ್ಮೆ ಇದೆ ಎಂದು ಇವರಿಗೆ ಯಾರು ಹೇಳಿದರು? ಆಮೇಲೆ ಆ ಉತ್ತರವೂ ನಿಂತು, ಕಂಪನಿ ದಿವಾಳಿ ಎಂದು ಸುದ್ದಿ ಬಂತು. ಅದರ ಕಚೇರಿ ಯಾವುದೋ ದ್ವೀಪದ್ದಂತೆ. ಕೋಟಿನವನ ನಂಬರು ಅಸ್ತಿತ್ವದಲ್ಲೇ ಇರಲಿಲ್ಲ.

ಠಾಣೆಗೆ ಹೋದೆವು. ಅಲ್ಲಿಯ ಹುದ್ದೆದಾರರು ಪಾಪ ಕುರ್ಚಿ ಕೊಟ್ಟು, ಚಹಾ ತರಿಸಿ, ಅರ್ಜಿ ಬರೆಸಿಕೊಂಡರು. ಆರೋಪಿಯ ವಿಳಾಸ ಎಂಬ ಜಾಗ ಬಂದಾಗ ಕಾಕಾ ‘ಮೋಡ’ ಎಂದು ಬರೆದರು. ಹುದ್ದೆದಾರರು ಅದನ್ನು ಓದಿ, ನಗಲೂ ಆಗದೆ ಹೊಡೆದುಹಾಕಲೂ ಆಗದೆ ಕಾಗದ ತಿರುವಿದರು. ನಾನು ಹೊರಗೆ ಬಂದು ರಸ್ತೆಯಲ್ಲೇ ಅತ್ತೆ. ದುಃಖಕ್ಕಲ್ಲ, ಹೋಗಿ ಜಗಳ ಮಾಡಲು ಒಂದು ಬಾಗಿಲೂ ಇಲ್ಲವಲ್ಲ ಎಂಬ ರೋಷಕ್ಕೆ.

ಮರುದಿನ ಕಾಲೇಜಿಗೆ ರಜೆ. ಮಧ್ಯಾಹ್ನ ಹನ್ನೆರಡಕ್ಕೆ ಬಾಗಿಲು ತೆಗೆದರೆ ಎದುರುಮನೆ ಕಟ್ಟೆಯ ಮೇಲೆ ಕಾಕಾ ಕೂತಿದ್ದಾರೆ. ತಮ್ಮ ಹಳೆಯ ಗಾದಿಯನ್ನು ಬೋರಲಾಗಿ ತಿರುವಿ ಹಾಸಿದ್ದಾರೆ. ಪಕ್ಕದಲ್ಲಿ ಉರಿಯುವ ದೀಪ, ಸುಡುಬಿಸಿಲಿನಲ್ಲಿ.

‘ಇದೇನು ಕಾಕಾ?’ ಎಂದೆ.

‘ನಮ್ಮ ಅಜ್ಜನ ಕಾಲದ ಪದ್ಧತಿ. ವ್ಯಾಪಾರಿ ದಿವಾಳಿ ಎದ್ದ ಅಂದ್ರ ಹಿಂಗ ಗಾದಿ ತಿರುವಿ, ಹಗಲ ದೀಪಾ ಹಚ್ಚಿ ಕುಂಡ್ರಬೇಕು. ಯಾರ್ಯಾರದು ಮುಳುಗೇತಿ, ಅವರು ಬಂದು ಬೈಬೇಕು. ಓಡಿ ಹೋಗಬಾರದು.’

ನನಗೆ ತಲೆ ಕೆಟ್ಟಿತು. ‘ದಿವಾಳಿ ಎದ್ದವ್ರು ಅವರು! ನಿಮ್ಮದೂ ಹೋಗ್ಯದ. ನೀವ್ಯಾಕ ಕುಂಡ್ರಬೇಕು? ಒಳಗ ನಡೀರಿ’ ಎಂದು ಕೂಗಾಡಿದೆ.

‘ಅವರು ಕುಂಡ್ರಂಗಿಲ್ಲಲ್ಲವ್ವಾ. ಬೈಯಾಕ ಮಂದಿಗೆ ಒಬ್ಬ ಮನಷ್ಯಾನ ಮಾರಿ ಬೇಕು’ ಎಂದರು.

ಮೂರು ದಿನ ಕೂತರು. ಸುಳ್ಳದ ರೈತ ಬಂದರು, ಕಟ್ಟೆಯ ತುದಿಗೆ ಕೂತು, ಬೈಯದೆ ಎದ್ದು ಹೋದರು. ಟೇಲರ್ ಅಕ್ಕ ಮಾತ್ರ ಮೂರೂ ದಿನ ಬಂದು ಬೈದಳು. ಬಾಯಿಗೆ ಬಂದ ಹಾಗೆ ಬೈದಳು, ಅವರ ವಯಸ್ಸು ಹಿಡಿದು ಬೈದಳು. ಮೂರನೆಯ ದಿನ ನಾನು ಕಾಕಾನಿಗೆ ಮಜ್ಜಿಗೆ ತಂದು ಅಲ್ಲೇ ನಿಂತಿದ್ದೆ. ‘ವಖಾರಿ, ವಖಾರಿ ಅಂದ್ರಲ್ರೀ, ನಿಮಗ ಅದನ್ನ ಯಾರು ಹೇಳಿದ್ರು?’ ಎಂದು ಕೇಳಿದಳು. ಕಾಕಾ ನನ್ನ ಕಡೆ ಕಣ್ಣೂ ಎತ್ತಲಿಲ್ಲ. ‘ಯಾರೂ ಹೇಳಿಲ್ಲಬೇ. ನಾನ ತಿಳಕೊಂಡಿದ್ದು’ ಎಂದರು. ನಾನು ಮಜ್ಜಿಗೆ ಇಟ್ಟು ಮನೆಗೆ ಬಂದೆ.

ಆಮೇಲೆ ಆ ಕರಾರುಪತ್ರವನ್ನು ಬಸ್ಸಿನಲ್ಲಿ ಕೂತು ಮೊದಲಿಂದ ಕೊನೆಯವರೆಗೆ ಓದಿದೆ. ಧಾರವಾಡ ಮುಟ್ಟುವ ಹೊತ್ತಿಗೆ ಸಿಕ್ಕಿತು. ಗ್ರಾಹಕ ಇಟ್ಟ ನಾಣ್ಯದ ಒಡೆತನ ಕಂಪನಿಗೆ ಸೇರುತ್ತದೆ, ಅದನ್ನು ಕಂಪನಿ ತನಗೆ ಬೇಕಾದಂತೆ ಬಳಸಬಹುದು. ಕಷ್ಟದ ಇಂಗ್ಲಿಷೇನಲ್ಲ. ನನ್ನ ಮೊದಲ ವರ್ಷದ ಮಕ್ಕಳಿಗೂ ಅರ್ಥವಾಗುವಂಥ ವಾಕ್ಯ. ಅದೇ ಸಂಜೆ ಕಾಕಾನಿಗೆ ಓದಿ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿ ಎಂದೂ ಇತ್ತು.

‘ಇದು ಮೊದಲ ಗೊತ್ತಿದ್ರ ನಾ ಯಾರಿಗೂ ಹಾಕ್ರಿ ಅಂತಿರಲಿಲ್ಲ’ ಎಂದರು. ಅಷ್ಟೇ. ಆಮೇಲೆ, ‘ಯಾರ ಮುಂದೂ ಹೇಳಬ್ಯಾಡ. ನೀ ಸಾಲಿ ಕಲಸಾಕಿ. ನಿನ್ನ ಮಾತು ಖರೇ ಅಂತ ತಿಳದ ಹುಡುಗೂರು ಮುಂದ ಕುಂತಿರತಾವು. ನಂದೇನು, ನನ್ನ ಮಾತು ಕೇಳವ್ರು ಇನ್ನ ಯಾರದಾರ?’ ಎಂದರು.

ನನಗೆ ಸಿಟ್ಟು ಇರುವುದು ಇದಕ್ಕೇ. ಯಾರು ಕೇಳಿದ್ದರು ಈ ಉಪಕಾರವನ್ನು? ಅವರು ಹೇಳಿದರು, ನಾನು ಒಪ್ಪಿದೆ. ಒಪ್ಪಿದ್ದು ನನಗೆ ಸುಲಭವಾಗಿತ್ತು, ಅದಕ್ಕೇ ಒಪ್ಪಿದೆ.

ಮಳೆಗಾಲ ಮುಗಿಯುವಾಗ ಕಾಕಾ ಹೋದರು. ಎಕ್ಸ್‌ಚೇಂಜ್ ಮುಳುಗಿದ್ದಕ್ಕೆ ಎದೆಯೊಡೆದು ಸತ್ತರು ಎಂದು ಓಣಿಯಲ್ಲಿ ಆಡಿಕೊಂಡರು. ಸುಳ್ಳು. ಸಕ್ಕರೆ ಕಾಯಿಲೆ, ಕಾಲಿನ ಗಾಯ ಮಾಯಲಿಲ್ಲ. ಅವರ ಹೆಸರಲ್ಲಿ ಊಟ ಹಾಕುವ ಶಿವಗಣಾರಾಧನೆಯ ದಿನ ಟೇಲರ್ ಅಕ್ಕನೂ ಬಂದಿದ್ದಳು. ಅಡುಗೆಯ ಕಡೆ ನನ್ನ ಪಕ್ಕ ಕೂತು ಹೋಳಿಗೆಗೆ ಹೂರಣ ಉಂಡೆ ಕಟ್ಟುತ್ತ, ‘ಛಲೋ ಮನಷ್ಯಾನ ಇದ್ರು. ಆದ್ರ ತಿಳಿಲಾರದ್ದಕ್ಕ ಕೈ ಹಾಕಿ ನಮ್ಮನ್ನ ಮುಳಗಿಸಿದ್ರು ನೋಡ್ರಿ ಮೇಡಂ’ ಎಂದಳು. ಸುತ್ತ ನಾಲ್ಕೈದು ಹೆಂಗಸರು ಹೌದೆಂದು ತಲೆಯಾಡಿಸಿದರು. ಮಾರ್ಕೆಟ್ಟಿನಲ್ಲಿ ನಲವತ್ತು ವರ್ಷ ಒಂದು ಮಾತೂ ಸುಳ್ಳಾಗದೆ ಬದುಕಿದ ಮನುಷ್ಯ ಇನ್ನು ಈ ಓಣಿಯಲ್ಲಿ ತಿಳಿಯದವನಾಗಿಯೇ ಉಳಿಯುತ್ತಾನೆ ಎಂದು ನನಗೆ ಆಗ ಹೊಳೆಯಿತು.

‘ಅವರು ತಿಳಕೊಂಡದ್ದಲ್ಲ ಅದು. ಓದಿ ಹೇಳಿದಾಕಿ ನಾನು’ ಎಂದೆ. ‘ಓದಿರಲೇ ಇಲ್ಲ ನಾನು. ಓದಲಾರದೇ ವಖಾರಿ ಅಂತ ಹೇಳಿದೆ.’

ಟೇಲರ್ ಅಕ್ಕ ಕೈಯಲ್ಲಿದ್ದ ಉಂಡೆಯನ್ನು ತಾಟಿನಲ್ಲಿಟ್ಟಳು. ಬೈಯುತ್ತಾಳೆ ಎಂದು ನಾನು ಕಾದೆ. ಅವಳ ಕಣ್ಣಲ್ಲಿ ನೀರು ತುಂಬಿತ್ತು.

‘ಮೂರು ದಿನಾ ಆ ಮುದುಕಗ ಬೈದೇನ್ರಿ ನಾನು’ ಎಂದಳು. ‘ನೀವು ಅಲ್ಲೇ ನಿಂತಿದ್ರಲ್ರೀ ಮೇಡಂ.’